ಬೇಕಿದ್ದರೆ ಎತ್ತಿಕೊಂಡು ಹೋಗಿ

ಯಾವುದಾದರೂ ಒಂದು ನೆಟ್ಟಗೆ ಕೆಲಸ ಮಾಡುತ್ತಿದೆ ಎಂದು ನಮ್ಮ ಆಫೀಸಿನಲ್ಲಿ ಗೊತ್ತಾದರೆ ಸಾಕು, ಅದನ್ನು ಸುಧಾರಿಸಲು ಯಾರಾದರೂ ಬಂದೇ ಬರುತ್ತಾರೆ. ಹಾಗಾಗಿ ನಗುವುದಕ್ಕೆ ನನಗೆ ಎಂದೂ ಬರ ಬಂದಿಲ್ಲ.

ಮದ್ರಾಸಿನ ಎಗ್ಮೋರಿನಲ್ಲಿ ಒಂದು ಹೋಟೆಲಿನ ಮೇಲಿನ ಮಹಡಿ ನಮ್ಮ ಆಫೀಸು. ಕಿಟಕಿಯಿಂದ ರೈಲ್ವೆ ಸ್ಟೇಷನ್ ಕಾಣುತ್ತದೆ, ಮೆಟ್ಟಿಲಿನಿಂದ ಸಾಂಬಾರಿನ ಘಮ ಬರುತ್ತದೆ. ಲೈಬ್ರರಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವುದು ನಮ್ಮ ಕಸುಬು. ಯಾವ ಪುಸ್ತಕ ಎಲ್ಲಿದೆ, ಯಾರು ಒಯ್ದರು, ಯಾವಾಗ ವಾಪಸು ಬರಬೇಕು, ಇಷ್ಟೇ. ಅದು ಓಪನ್ ಸೋರ್ಸ್. ಅಂದರೆ ಒಳಗಿನದೆಲ್ಲ ಬಿಚ್ಚಿಟ್ಟದ್ದು. ಯಾರು ಬೇಕಾದರೂ ನಕಲು ಒಯ್ಯಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ನಮ್ಮ ಮೇಲೆ ಸಿಟ್ಟು ಬಂದರೆ ಬೇರೆ ಒಲೆ ಹೂಡಬಹುದು. ಹೀಗೆ ಬೇರೆ ಒಲೆ ಹೂಡುವುದಕ್ಕೆ ನಮ್ಮವರು ಫೋರ್ಕ್ ಎನ್ನುತ್ತಾರೆ. ನಮ್ಮ ಎಂ.ಡಿ.ಗೆ ಇದು ದೊಡ್ಡ ಹೆಮ್ಮೆ. ಬಂದವರಿಗೆಲ್ಲ ಎರಡೂ ಕೈ ಚಾಚಿ ಹೇಳುತ್ತಾರೆ, "ನಮ್ಮಲ್ಲಿ ಒಂದೂ ಮುಚ್ಚುಮರೆ ಇಲ್ಲ. ಬೇಕಿದ್ರೆ ಎತ್ಕೊಂಡು ಹೋಗಿ!"

ನಾನು ಮಂಡ್ಯ ಕಡೆಯವಳು. ಗಂಡನ ಕೆಲಸದ ಹಿಂದೆ ಈ ಊರಿಗೆ ಬಂದು ಎಂಟು ವರ್ಷ. ಆಫೀಸಿನಲ್ಲಿ ನನಗೆ ಎರಡು ಕೆಲಸ: ಸಾಫ್ಟ್‌ವೇರ್ ಬಳಸುವುದು ಹೇಗೆ ಎಂದು ಪುಸ್ತಿಕೆ ಬರೆಯುವುದು, ಅದನ್ನು ಓದದವರು ಫೋನ್ ಮಾಡಿದಾಗ ಉತ್ತರ ಹೇಳುವುದು. ಆದ್ದರಿಂದ ಯಾರು ಏನೇ ಸುಧಾರಿಸಿದರೂ ಬೈಗುಳ ಮೊದಲು ನನ್ನ ಕಿವಿಗೇ ಬೀಳುತ್ತದೆ.

೧. ಹೆಪ್ಪು

ಪಲ್ಲಾವರಂನಲ್ಲಿ ಒಂದು ಕನ್ನಡ ಲೈಬ್ರರಿ ಇದೆ. ಒಂದು ಮನೆಯ ಮುಂದಿನ ಕೋಣೆ, ಐದು ಬೀರು, ಎರಡು ಬೆಂಚು. ನಡೆಸುವವರು ಮಣಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವ ಮನೆತನ. ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬೀಳದೆ ಮಾತು ಮುಗಿಯುವುದಿಲ್ಲ. ಬೀದಿಗೆಲ್ಲ ಅವರು ಮಾಮಾ, ನನಗೂ ಮಾಮಾ.

ಕೆಲವು ವರ್ಷಗಳ ಹಿಂದೆ ಒಂದು ಪೆನ್ ಡ್ರೈವ್ ಹಿಡಿದು ಆಫೀಸಿಗೆ ಬಂದರು. "ಏನಮ್ಮಾ, ಸಾಫ್ಟ್‌ವೇರ್ ಸುಮ್ಮಾ ಕೊಡ್ತೀರಂತೆ. ಆಮೇಲೆ ತಿರುಗಿ ಕೇಳಲ್ಲವಷ್ಟೆ?"

"ಇಲ್ಲ ಮಾಮಾ, ಅದು ನಿಮ್ದೇ."

ಹತ್ತು ನಿಮಿಷದಲ್ಲಿ ನಕಲು ಮಾಡಿಕೊಟ್ಟೆ. ಜೊತೆಗೆ ನಾನೇ ಬರೆದ ಒಂದು ಹಾಳೆ, ಎರಡೂ ಬದಿ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಕೊಂಡ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿ, ಸಂಜೆಯೊಳಗೆ ಫೋನ್ ಮಾಡಿದರು. "ಓಡ್ತಾ ಇದೆಯಮ್ಮಾ." ಹಿಂದಿನಿಂದ ಅವರ ಹೆಂಡತಿ ಮಾಮಿಯ ದನಿ ಕೇಳಿತು. "ಇದು ಹೆಪ್ಪು ಇದ್ದ ಹಾಗೆ ಇದೆಯಲ್ಲ! ಪಕ್ಕದ ಮನೆಯಿಂದ ಒಂದು ಸ್ಪೂನ್ ತಂದ್ರೆ ಸಾಕು, ನಾಳೆಯಿಂದ ನಮ್ಮ ಮನೆ ಮೊಸರು."

ಮಾಮಾ ಸುಮ್ಮನಿರಲಿಲ್ಲ. ಪೆನ್ ಡ್ರೈವಿಗೆ ಚೀಟಿ ಅಂಟಿಸಿ, ನಂಬರ್ ಕೊಟ್ಟು, ಪುಸ್ತಕಗಳ ಪಟ್ಟಿಗೇ ಸೇರಿಸಿದರು. ಲೈಬ್ರರಿಗೆ ಬಂದದ್ದೆಲ್ಲ ಪುಸ್ತಕವೇ ಎಂಬುದು ಅವರ ಶಾಸ್ತ್ರ. ಆಮೇಲೆ ಸಾಫ್ಟ್‌ವೇರನ್ನೇ ತಿದ್ದಿದರು. ನಮ್ಮದರಲ್ಲಿ "ಎರವಲು ಪಡೆದವರು" ಎಂಬ ಒಂದೇ ಕಾಲಂ ಇತ್ತು. ಪಕ್ಕದಲ್ಲಿ ಅವರು "ಪುಸ್ತಕ ನಿಜವಾಗಿ ಯಾರ ಮನೆಯಲ್ಲಿದೆ" ಎಂದು ಇನ್ನೊಂದು ಸೇರಿಸಿದರು. ಯಾರ ಮನೆಯಲ್ಲಿ ಬಾಕಿ ಪುಸ್ತಕ ಇದೆಯೋ ಆ ಮನೆಯ ಯಾರಿಗೂ ಹೊಸದು ಕೊಡಕೂಡದು ಎಂಬ ನಿಯಮವನ್ನೂ ಬರೆದರು.

ಎಂ.ಡಿ. ನಕ್ಕುಬಿಟ್ಟರು. "ಪ್ರಪಂಚದ ಯಾವ ಲೈಬ್ರರಿಯಲ್ಲೂ ಇಂಥಾ ಕಾಲಂ ಇಲ್ಲ. ಇದರಿಂದ ಏನು ಕಂಡುಹಿಡೀತಾರಂತೆ?"

ಆ ಕಾಲಂ ತುಂಬಲು ಮನೆಮನೆ ವಿಚಾರಿಸಿ ಮೊದಲ ದಿನವೇ ಕಂಡುಹಿಡಿದರು. ನಾಲ್ಕು ಜನರ ಹೆಸರಿನಲ್ಲಿ ಹೋಗಿ ತಿಂಗಳುಗಟ್ಟಲೆ ನಾಪತ್ತೆಯಾಗಿದ್ದ ನಾಲ್ಕು ಕಾದಂಬರಿಗಳು ಮಾಂಬಲಂನಲ್ಲಿ, ನಮ್ಮ ಎಂ.ಡಿ.ಯ ತಾಯಿಯ ಹಾಸಿಗೆಯ ಕೆಳಗೆ ಇದ್ದವು.

೨. ಅನ್ನ ಮಾತ್ರ ಡೌನ್

ಹೋದ ವರ್ಷ ನಮ್ಮ ಆಫೀಸಿಗೆ ಆರ್ಕಿಟೆಕ್ಟ್, ಅಂದರೆ ಸಾಫ್ಟ್‌ವೇರಿಗೆ ನಕ್ಷೆ ಹಾಕುವವರು, ಬಂದರು. ತುಮಕೂರು ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಇಡಿಯಾಗಿ ಇರುವ ಯಾವುದನ್ನು ಕಂಡರೂ ಅವರಿಗಾಗದು. ಬಿಳಿ ಬೋರ್ಡಿನ ಮೇಲೆ ಪೆಟ್ಟಿಗೆಗಳನ್ನು ಬರೆಯುತ್ತಾ ಹೋದರು. ಜಾಗ ಮುಗಿದಾಗ ಇಪ್ಪತ್ತಮೂರು ಆಗಿದ್ದವು.

"ಈಗಿರೋದು ಒಂದೇ ದೊಡ್ಡ ಗಂಟು ಸಾರ್. ಇದನ್ನ ಇಪ್ಪತ್ತಮೂರು ಸರ್ವಿಸ್ ಮಾಡೋಣ. ಒಂದೊಂದು ಒಂದೊಂದು ಕೆಲ್ಸ. ಒಂದ್ರ ಜೊತೆ ಒಂದು ಮಾತಾಡ್ಕೊಂಡು ಹೋಗ್ತವೆ. ಒಂದು ಬಿದ್ರೆ ಉಳಿದವು ನಿಂತಿರ್ತವೆ."

ಲಕ್ಷಾಂತರ ಓದುಗರಿರುವ ಲೈಬ್ರರಿಗೆ ಇದು ಬೇಕಾದೀತು, ಇಲ್ಲವೆನ್ನುವುದಿಲ್ಲ. ನಮ್ಮನ್ನು ನಂಬಿದ್ದ ಹದಿನಾಲ್ಕು ಲೈಬ್ರರಿಗಳಲ್ಲಿ ಅತಿ ದೊಡ್ಡದಕ್ಕೆ ಆರು ಬೆಂಚು. ನಾನು ಕೇಳಿದೆ, "ಸಾರ್, ಒಬ್ರಿಗೆ ಒಂದು ಪುಸ್ತಕ ಕೊಡೋಕೆ ಎಷ್ಟು ಸರ್ವಿಸ್ ಬೇಕು?"

"ಹನ್ನೊಂದು," ಎಂದರು ಹೆಮ್ಮೆಯಿಂದ. "ವಾಪಸ್ ತೊಗೊಳೋಕೆ ಹದಿಮೂರು."

ಎಂ.ಡಿ.ಗೆ ಈ ತತ್ವ ಎಷ್ಟು ಹಿಡಿಸಿತೆಂದರೆ, ಆಫೀಸಿನ ಮಧ್ಯಾಹ್ನದ ಊಟಕ್ಕೂ ಅನ್ವಯಿಸಿದರು. ಅಲ್ಲಿಯವರೆಗೆ ಆರು ಜನವೂ ಅವರವರ ಡಬ್ಬಿ ತಂದು ಹಂಚಿಕೊಂಡು ತಿನ್ನುತ್ತಿದ್ದೆವು. ಇನ್ನು ಮೇಲೆ ಆರು ಜನಕ್ಕೂ ಸಾಕಾಗುವಷ್ಟು ಅನ್ನ ಒಬ್ಬರು, ಸಾಂಬಾರು ಒಬ್ಬರು, ರಸಂ ಒಬ್ಬರು, ಪಲ್ಯ ಒಬ್ಬರು, ಮೊಸರು ಒಬ್ಬರು, ಉಪ್ಪಿನಕಾಯಿ ಎಂ.ಡಿ. ಎರಡು ವಾರ ಚೆನ್ನಾಗಿಯೇ ನಡೆಯಿತು. ಮೂರನೆಯ ವಾರ ಅನ್ನದವರ ಮಗುವಿಗೆ ಜ್ವರ ಬಂದು ರಜೆ ಹಾಕಿದರು. ಉಳಿದ ಐವರೂ ಖಾಲಿ ತಟ್ಟೆಯ ಮುಂದೆ ಸಾಂಬಾರಿನ ಪಾತ್ರೆ ನೋಡುತ್ತಾ ಕುಳಿತೆವು. ಕೆಳಗಿನ ಹೋಟೆಲಿನಲ್ಲಿ ಬರೀ ಅನ್ನ ಕೇಳಿದರೆ, ಊಟ ಮಾಡಿದರೆ ಮಾತ್ರ ಅನ್ನ ಎಂದರು.

"ನೋಡಿ, ಸಿಸ್ಟಮ್ ಫೇಲ್ ಆಗಿಲ್ಲ," ಎಂದರು ಆರ್ಕಿಟೆಕ್ಟ್, ಬೆರಳಿನಿಂದ ರಸಂ ನೆಕ್ಕುತ್ತಾ. "ಆರರಲ್ಲಿ ಐದು ಸರ್ವಿಸ್ ಓಡ್ತಾ ಇದೆ. ಅನ್ನ ಮಾತ್ರ ಡೌನ್."

೩. ಎಗ್ಮೋರ್ ಸ್ಟೇಷನ್ ಯಾರದು?

ಹೊಸದು ಸಿದ್ಧವಾಗುವ ಹೊತ್ತಿಗೆ ಎಲ್ಲ ಲೈಬ್ರರಿಗಳಿಗೂ ಒಂದು ಪತ್ರ ಹೋಯಿತು. ಬರೆದವಳು ನಾನೇ, ಬರೆಸಿದವರು ಎಂ.ಡಿ. ವಿಜಯದಶಮಿಯಿಂದ ಹಳೆಯ ಸಾಫ್ಟ್‌ವೇರಿಗೆ ನಮ್ಮ ಸಹಾಯ ಇರುವುದಿಲ್ಲ. ಎಲ್ಲರೂ ಎಗ್ಮೋರಿನ ನಮ್ಮ ಸರ್ವರಿಗೇ ಬಂದು ಸೇರಬೇಕು. ನಿಮ್ಮ ಪಟ್ಟಿ, ನಿಮ್ಮ ಸದಸ್ಯರು, ಎಲ್ಲವನ್ನೂ ನಾವೇ ಜೋಪಾನ ಮಾಡುತ್ತೇವೆ. ನೀವು ಸೇರಿಸಿಕೊಂಡ ಕಾಲಂಗಳು ಇರುವುದಿಲ್ಲ.

ಮರುದಿನವೇ ಮಾಮಾ ಬಂದರು, ಅದೇ ಪೆನ್ ಡ್ರೈವ್ ಹಿಡಿದು. "ನಿಮ್ಮ ಸರ್ವರ್ ನಮಗೆ ಬೇಡಪ್ಪಾ. ನಮ್ಮ ಪುಸ್ತಕದ ಲೆಕ್ಕ ನಮ್ಮ ಮನೆಯಲ್ಲೇ ಇರಲಿ. ಹೊಸದನ್ನ ಇದರಲ್ಲಿ ಹಾಕಿಕೊಡಿ, ನಾವೇ ನಡೆಸ್ಕೋತೀವಿ."

"ಧಾರಾಳವಾಗಿ!" ಎಂ.ಡಿ. ಕೈ ಚಾಚಿದರು. "ಓಪನ್ ಅಲ್ಲವಾ? ಬೇಕಿದ್ರೆ ಎತ್ಕೊಂಡು ಹೋಗಿ!"

ಎತ್ತಿಕೊಂಡು ಹೋಗುವುದು ಹೇಗೆಂದು ಪುಸ್ತಿಕೆ ಬರೆಯುವ ಭಾಗ್ಯ ನನ್ನದಾಯಿತು. ಹಿಂದೆ ಒಂದು ಹಾಳೆಯಲ್ಲಿ ಮುಗಿದದ್ದು ಈಗ ಇಪ್ಪತ್ತಮೂರು ಅಧ್ಯಾಯ. ಪ್ರತಿ ಅಧ್ಯಾಯದ ಮೊದಲ ವಾಕ್ಯವೂ ಒಂದೇ: "ಇದನ್ನು ಶುರು ಮಾಡುವ ಮೊದಲು ಉಳಿದ ಸರ್ವಿಸ್‌ಗಳು ಓಡುತ್ತಿರಲಿ." ಆರ್ಕಿಟೆಕ್ಟರನ್ನು ಕೇಳಿದೆ, "ಎಲ್ಲಕ್ಕೂ ಮೊದಲು ಯಾವ್ದನ್ನ ಶುರು ಮಾಡ್ಬೇಕು ಸಾರ್?"

ಅವರು ಬೋರ್ಡಿನ ಪೆಟ್ಟಿಗೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. "ಹಂಗೆ ಯೋಚ್ನೆ ಮಾಡೋ ಪ್ರಮೇಯ ಬಂದಿಲ್ಲ ಮೇಡಂ. ಒಂದೊಂದಾಗಿ ಮಾಡ್ತಾ ಬಂದ್ವಿ, ಅವು ಓಡ್ತಾನೇ ಇದಾವೆ."

ಇನ್ನೊಂದು ಸಣ್ಣ ವಿಷಯವೂ ಇತ್ತು. ಇಪ್ಪತ್ತಮೂರನೆಯದು ಬಾಗಿಲ ಸರ್ವಿಸ್. ಯಾರು ಒಳಗೆ ಬರಬಹುದು ಎಂದು ಹೇಳುವುದು ಅದರ ಕೆಲಸ. ಭದ್ರತೆಯ ಹೆಸರಿನಲ್ಲಿ ಅದನ್ನು ಯಾರಿಗೂ ಕೊಡದೆ ನಮ್ಮ ಸರ್ವರಿನಲ್ಲೇ ಇಟ್ಟುಕೊಂಡಿದ್ದರು. ಮಾಮಾ ತಮ್ಮ ಮನೆಯಲ್ಲಿ, ತಮ್ಮ ಕಂಪ್ಯೂಟರಿನಲ್ಲಿ, ತಮ್ಮ ಪುಸ್ತಕದ ಪಟ್ಟಿ ತೆರೆಯಬೇಕಾದರೂ ಎಗ್ಮೋರಿನ ಅಪ್ಪಣೆ ಬೇಕು. ಇದನ್ನು ಮಾಮಾನಿಗೆ ಹೇಳುವಾಗ ನನಗೆ ನಾಚಿಕೆಯಾಯಿತು.

ಅವರು ಸಿಟ್ಟಾಗಲಿಲ್ಲ. "ಮಣಲಿಯಲ್ಲಿ ನಮ್ಮ ಪ್ಲಾಂಟನ್ನ ಪೂರ್ತಿ ನಿಲ್ಲಿಸಿ, ಆರಿಸಿ, ಮತ್ತೆ ಹಚ್ಚೋ ಪದ್ಧತಿ ಇತ್ತು. ಆರಿದ್ದನ್ನ ಹಚ್ಚೋಕೆ ಬರದವನು ಪ್ಲಾಂಟ್ ನನ್ನದು ಅನ್ನಕೂಡದು ಅಂತ ನಮ್ಮ ಫೋರ್‌ಮನ್ ಹೇಳ್ತಿದ್ರು." ಆಮೇಲೆ ಕಿಟಕಿಯ ಕಡೆ ತಿರುಗಿದರು. "ಅಮ್ಮಾ, ಎಗ್ಮೋರ್ ಸ್ಟೇಷನ್ನೂ ಎಲ್ಲರದೇ ತಾನೆ? ಬೇಕಿದ್ರೆ ಮನೆಗೆ ಎತ್ಕೊಂಡು ಹೋಗು ಅಂದ್ರೆ ಹೋಗ್ತೀಯಾ?"

೪. ಚಟ್ನಿ

ಹಟ ಬಂತು. ಮೂರು ಭಾನುವಾರ ನನ್ನ ಲ್ಯಾಪ್‌ಟಾಪ್ ಹೊತ್ತುಕೊಂಡು ಪಲ್ಲಾವರಂಗೆ ಹೋದೆ. ನಾನೇ ಬರೆದ ಪುಸ್ತಿಕೆ ಇಟ್ಟುಕೊಂಡು ನಾನೇ ಜೋಡಿಸತೊಡಗಿದೆ. ಜೊತೆಗೆ ಬಂದಿದ್ದ ಮಗಳು ಬೆಂಚಿನ ಮೇಲೆ ಮಲಗಿ ತಮಿಳಿನಲ್ಲಿ ಕೇಳಿದಳು, "ಅಮ್ಮಾ, ಇದು ಯಾರ್ ಹೋಮ್‌ವರ್ಕ್?" ಕನ್ನಡದಲ್ಲಿ ಗದರಿದೆ. ಅವಳು ಇಂಗ್ಲಿಷಿನಲ್ಲಿ ಸಾರಿ ಅಂದಳು.

ಎಂಟು ಸರ್ವಿಸ್ ಎಬ್ಬಿಸುವಷ್ಟರಲ್ಲಿ ಲ್ಯಾಪ್‌ಟಾಪಿನ ಫ್ಯಾನು ಕಿರುಚಲು ಶುರು ಮಾಡಿತು. ಒಳಗಿನಿಂದ ಮಾಮಿ ಕೂಗಿದರು, "ಯಾರದು ಈಗ ಚಟ್ನಿ ರುಬ್ತಾ ಇರೋದು?" ಮೂರನೆಯ ಭಾನುವಾರ, ಹೇಗೋ ಏನೋ, ಇಪ್ಪತ್ತೆರಡು ಎದ್ದು ನಿಂತವು. ಇಪ್ಪತ್ತಮೂರನೆಯ ಬಾಗಿಲ ಸರ್ವಿಸ್ ಮಾತ್ರ ಎಗ್ಮೋರಿನದು. ಅಪ್ಪಣೆ ಕೇಳಿದೆ. ಪರದೆಯ ಮೇಲೆ ಉತ್ತರ ಬಂತು: ಭಾನುವಾರ ದುರಸ್ತಿ, ಸೋಮವಾರ ಬನ್ನಿ. ಆ ಸಂದೇಶವನ್ನು ಬರೆದವಳೂ ನಾನೇ.

ಅದೇ ವಾರ ಎಂ.ಡಿ. ಎಲ್ಲ ಲೈಬ್ರರಿಗಳ ಆನ್‌ಲೈನ್ ಸಭೆ ಕರೆದರು. "ಹೊಸ ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆ ಆಗಿದೆ. ಸಾಕ್ಷಿ ಏನು? ಸ್ವಾತಂತ್ರ್ಯ ಇದ್ರೂ ಒಬ್ಬರೂ ಬೇರೆ ಹೋಗಲಿಲ್ಲ."

ಮಾಮಾ ಮೈಕ್ ಹಾಕಿ ನಿಧಾನವಾಗಿ ಹೇಳಿದರು, "ಸಭಾಂಗಣಕ್ಕೆ ಹೊರಗಿಂದ ಬೀಗ ಹಾಕಿ, ಒಬ್ಬರೂ ಎದ್ದು ಹೋಗಲಿಲ್ಲ, ಸಂಗೀತ ಕಚೇರಿ ರೊಂಬ ಚೆನ್ನಾಗಿತ್ತು ಅಂದ್ರಂತೆ."

ಎಂ.ಡಿ. ಥ್ಯಾಂಕ್ಸ್ ಹೇಳಿ ಸಭೆ ಮುಗಿಸಿದರು. ಸಭೆ ಚೆನ್ನಾಗಿತ್ತು ಎಂದು ಹೊಗಳಿದರು ಎಂದುಕೊಂಡಿರಬೇಕು.

೫. ವಿಜಯದಶಮಿ

ನಮ್ಮ ಆಫೀಸಿನಲ್ಲಿ ಒಂದು ಸಂಪ್ರದಾಯವಿದೆ. ಸರಸ್ವತಿ ಪೂಜೆಯ ಹಿಂದಿನ ಸಂಜೆ ಆಫೀಸನ್ನೆಲ್ಲ ಗುಡಿಸಿ ತೊಳೆದು, ಬೇಡದ್ದನ್ನು ಬಿಸಾಕಿ, ಎಲ್ಲ ಯಂತ್ರಗಳನ್ನೂ ಆರಿಸುವುದು. ಪೂಜೆಯ ದಿನ ಅವಕ್ಕೆ ಗಂಧ, ಕುಂಕುಮ, ಪೊರಿ ಎನ್ನುವ ಮಂಡಕ್ಕಿ, ಕಡಲೆ. ಆ ದಿನ ಯಾರೂ ಮುಟ್ಟಕೂಡದು. ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಹೊತ್ತು ನೋಡಿ ಮತ್ತೆ ಹಚ್ಚುವುದು. ಪ್ರತಿವರ್ಷವೂ ಹತ್ತು ನಿಮಿಷದಲ್ಲಿ ಎಲ್ಲ ಎದ್ದು ಕೂರುತ್ತಿತ್ತು. ಆಗ ಅದು ಒಂದೇ ಗಂಟಾಗಿತ್ತು.

ಈ ಸಲ ಹದಿಮೂರು ಲೈಬ್ರರಿಗಳ ಪಟ್ಟಿಗಳನ್ನು ಹೊಸದಕ್ಕೆ ತುಂಬಿ, ಅಲ್ಲಿದ್ದ ಹಳೆಯ ನಕಲುಗಳನ್ನೂ ಅಳಿಸಿ ಆಗಿತ್ತು. ಪಲ್ಲಾವರಂ ಒಂದು ಮಾತ್ರ ಬಂದಿರಲಿಲ್ಲ. ಉದ್ಘಾಟನೆಗೆ ನಿವೃತ್ತ ಅಧಿಕಾರಿಯೊಬ್ಬರನ್ನು ಕರೆದು, ಶಾಲು ಹೊದಿಸಿ, ಗುಂಡಿ ಒತ್ತಿಸಿದರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಚಪ್ಪಾಳೆ ಹೊಡೆದೆವು. ಚಕ್ರ ತಿರುಗುತ್ತಲೇ ಇತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಅತಿಥಿಗಳು ತಮಿಳಿನಲ್ಲಿ ಮೆಲ್ಲಗೆ ಕೇಳಿದರು, ನಾನು ಸರಿಯಾಗಿ ಒತ್ತಿದೆನಾ ಎಂದು.

ಬಾಗಿಲ ಸರ್ವಿಸ್ ಸದಸ್ಯರ ಪಟ್ಟಿಗಾಗಿ ಕಾಯುತ್ತಿತ್ತು. ಸದಸ್ಯರ ಪಟ್ಟಿ ಪತ್ರ ಕಳಿಸುವ ಸರ್ವಿಸ್‌ಗಾಗಿ ಕಾಯುತ್ತಿತ್ತು. ಪತ್ರದ ಸರ್ವಿಸ್, ಬಾಗಿಲು ತೆರೆಯಲಿ ಎಂದು ಕಾಯುತ್ತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ನೀವು ಮೊದಲು ಕೂತ್ಕೊಳ್ಳಿ, ನೀವು ಮೊದಲು ಎಂದು ಎಲ್ಲರೂ ನಿಂತೇ ಇದ್ದ ಹಾಗೆ. ಹನ್ನೆರಡು ಗಂಟೆಯಾಯಿತು. ಆರ್ಕಿಟೆಕ್ಟ್ ಬೆವರು ಒರೆಸಿಕೊಂಡು ಹೇಳಿದರು, "ಯಾವ ಸರ್ವಿಸ್ಸೂ ಕೆಟ್ಟಿಲ್ಲ ಸಾರ್. ಎಲ್ಲಾ ಕಾಯ್ತಾ ಇದಾವೆ."

"ಹಳೇದನ್ನ ಹಾಕಿಬಿಡಿ! ನಾಳೆ ಬೆಳಿಗ್ಗೆ ಲೈಬ್ರರಿ ತೆಗೀತಾರೆ!"

"ಅದು... ಪೂಜೆಗೆ ಮುಂಚೆ ಬೇಡದ್ದೆಲ್ಲಾ ಬಿಸಾಕಿ ಅಂದ್ರಲ್ಲ ಸಾರ್. ಕೋಡ್ ಇದೆ, ಆದ್ರೆ ಮತ್ತೆ ಕಟ್ಟೋಕೆ ಒಂದು ವಾರ ಬೇಕು. ಹಾಕಿದ ತಕ್ಷಣ ಓಡೋ ಕಾಪಿ ಎಲ್ಲೂ ಇಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು. "ಒಂದು ಕಡೆ ಇದೆ ಸಾರ್," ಎಂದೆ.

ಲೋಕಲ್ ಟ್ರೈನಿನಲ್ಲಿ ಎಂ.ಡಿ. ಮತ್ತು ನಾನು ಪಲ್ಲಾವರಂಗೆ ಹೋದೆವು. ಮಾಮಾನ ಸಂತೆ ಕಂಪ್ಯೂಟರಿಗೂ ಹಣೆ ತುಂಬ ಕುಂಕುಮ. ಅವರೂ ಅದನ್ನು ಪೂಜೆಗೆ ಆರಿಸಿ, ಆ ಬೆಳಿಗ್ಗೆಯೇ ಹಚ್ಚಿದ್ದರು. ಅದು ತನ್ನ ಪಾಡಿಗೆ ಓಡುತ್ತಿತ್ತು. ಎಂ.ಡಿ. ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದರು.

"ಧಾರಾಳವಾಗಿ!" ಎಂದರು ಮಾಮಾ. "ಓಪನ್ ಅಲ್ಲವಾ? ಆದ್ರೆ ಮೊದಲು ಒಂದು ಕಾಗದ ಬರೆದುಕೊಡಿ. ಹಳೇದು ಒಂದೇ ಗಂಟಾಗಿ, ಯಾರು ಬೇಕಾದ್ರೂ ಒಯ್ಯೋ ಹಾಗೆ ಎಂದೆಂದಿಗೂ ಇರತ್ತೆ, ಯಾರನ್ನೂ ನಿಮ್ಮ ಸರ್ವರಿಗೆ ಬಲವಂತ ಮಾಡಲ್ಲ, ವರ್ಷಕ್ಕೊಮ್ಮೆ ಆರಿಸಿ ಹಚ್ಚಿ ನೋಡ್ತೀವಿ ಅಂತ."

ಎಂ.ಡಿ. ನಿಂತಲ್ಲೇ ಬರೆದು ಸಹಿ ಹಾಕಿದರು. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ನಮ್ಮ ಲೈಬ್ರರಿಗಳು ಅವರವರ ಕೈಯಲ್ಲೇ ಉಳಿದವು.

"ಸೆರಿ," ಎಂದರು ಮಾಮಾ ಬೀರು ತೆಗೆದು. "ಪೆನ್ ಡ್ರೈವ್ ನಮ್ಮ ಪಟ್ಟಿಯಲ್ಲಿರೋ ಪುಸ್ತಕ. ಮೆಂಬರ್ ಆಗದೆ ಹೊರಗೆ ಹೋಗಲ್ಲ." ಎಂ.ಡಿ. ಅರ್ಜಿ ತುಂಬಿದರು, ಮಾಂಬಲಂನ ವಿಳಾಸ ಬರೆದರು. ಮಾಮಾ ಅದನ್ನು ಒಂದೊಂದೇ ಅಕ್ಷರ ಒತ್ತಿ ಕಂಪ್ಯೂಟರಿಗೆ ಹಾಕಿದರು. ಕಂಪ್ಯೂಟರು ಟಣ್ ಎಂದಿತು.

"ಕೊಡಲ್ಲ ಅಂತ ಹೇಳ್ತಾ ಇದೆ. ಈ ಮನೆಯಲ್ಲಿ ನಾಲ್ಕು ಪುಸ್ತಕ ಬಾಕಿ ಇದೆಯಂತೆ."

"ಅದನ್ನ ಅಮ್ಮ ಯಾವತ್ತೋ ವಾಪಸ್ ಕೊಟ್ರಲ್ಲ!"

"ಆ ನಾಲ್ಕು ಕೊಟ್ರು. ಇದು ಬೇರೆ ನಾಲ್ಕು. ಪಕ್ಕದ ಮನೆಯವರ ಹೆಸರಲ್ಲಿ ತರಿಸಿಕೊಂಡಿದ್ದಾರೆ."

"ಮಾಮಾ, ಹೇಗಾದ್ರೂ ಮಾಡಿ..."

"ನನ್ನ ಕೈಯಲ್ಲಿ ಏನಿದೆ? ಸಾಫ್ಟ್‌ವೇರ್ ನಿಮ್ಮದೇ. ನಾನು ಒಂದು ಕಾಲಂ ಸೇರಿಸಿದೆ, ಅಷ್ಟೇ."

ಎಂ.ಡಿ. ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದರು. ಕೋಣೆಗೆಲ್ಲ ಕೇಳಿಸಿತು ಆಕೆಯ ದನಿ. "ಮೂರು ತೊಗೊಂಡು ಹೋಗಪ್ಪಾ. ನಾಲ್ಕನೇದು ಇನ್ನೂ ಮೂವತ್ತು ಪುಟ ಇದೆ. ನೆನ್ನೆ ಪೂಜೆ ಅಂತ ಓದಕೂಡದು ಅಂದ್ಯಲ್ಲ, ಅದಕ್ಕೇ ಉಳೀತು."

"ಅಮ್ಮಾ, ಹದಿಮೂರು ಲೈಬ್ರರಿ ನಿಂತುಹೋಗಿದೆ!"

"ಕೊಂಚ ಕಾಯೋಕೆ ಹೇಳು," ಎಂದು ಆಕೆ ಫೋನ್ ಇಟ್ಟುಬಿಟ್ಟರು.

ಕಾದೆವು. ಎಗ್ಮೋರಿನಲ್ಲಿ ಇಪ್ಪತ್ತಮೂರು ಸರ್ವಿಸ್, ಒಬ್ಬ ಆರ್ಕಿಟೆಕ್ಟ್, ಶಾಲು ಹೊದ್ದ ಒಬ್ಬ ಅತಿಥಿ. ಪಲ್ಲಾವರಂನಲ್ಲಿ ಬೆಂಚಿನ ಮೇಲೆ ಪೊರಿ ತಿನ್ನುತ್ತಾ ನಾವು. ನಾಲ್ಕೂವರೆಗೆ ಎಂ.ಡಿ.ಯ ಫೋನ್ ಬಡಿದುಕೊಂಡಿತು.

"ಮುಗೀತು," ಎಂದರು ತಾಯಿ. "ಅಂಥಾ ಚೆನ್ನಾಗೇನೂ ಇಲ್ಲ. ಬೇಕಿದ್ರೆ ಬಂದು ಎತ್ಕೊಂಡು ಹೋಗು."